ಜರಡಿ ಕೆಟ್ಟಿದೆಯೋ, ಸುರಿಯುವ ಕೈ ಕೆಟ್ಟಿದೆಯೋ: ಹ್ಯಾಮ್ ರಿಸೀವರಿನ ಡಿಜಿಟಲ್ ಫಿಲ್ಟರ್ ಸರಿಮಾಡುವ ಬಗೆ

ರಾತ್ರಿ ಎಂಟೂವರೆ. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊದ 40 ಮೀಟರ್ ಬ್ಯಾಂಡಿನಲ್ಲಿ ಕೇರಳದ ಕಡೆಯ ಸ್ಟೇಷನ್ ಒಂದು ಸಣ್ಣಗೆ ಮೋರ್ಸ್ ಬಾರಿಸುತ್ತಿದೆ. 250 ಹರ್ಟ್ಸಿನ ಫಿಲ್ಟರ್ ಹಾಕಿದ್ದೇನೆ, ಪಕ್ಕದ ಗದ್ದಲವೆಲ್ಲ ಹೋಗಿ ಕಿವಿ ತಣ್ಣಗಾಗಿದೆ. ಆದರೆ ಆ ಸ್ವರ ಇದ್ದಕ್ಕಿದ್ದಂತೆ ಮುಳುಗುತ್ತದೆ, ಒಂದು ಕ್ಷಣ ಬಿಟ್ಟು ಏಳುತ್ತದೆ, ಮತ್ತೆ ಮುಳುಗುತ್ತದೆ. ಹಿಂದೆ ಬೇರೆ ಯಾವ ಸದ್ದೂ ಇಲ್ಲ. ಯಾರೋ ಮೇಜಿನ ಕೆಳಗೆ ಕೂತು ವಾಲ್ಯೂಮ್ ತಿರುವುತ್ತಿದ್ದಾರೆ ಅನ್ನಿಸುವ ಹಾಗೆ.

ಮೂರು ವಾರ ನಾನು ಫಿಲ್ಟರಿನ ಸೆಟ್ಟಿಂಗ್ ತಿದ್ದುತ್ತಲೇ ಇದ್ದೆ. ಅಗಲ ಮಾಡಿದೆ, ಕಿರಿದು ಮಾಡಿದೆ, ರಿಸೆಟ್ ಹೊಡೆದೆ. ತಪ್ಪು ಫಿಲ್ಟರಿನಲ್ಲಿ ಇರಲೇ ಇಲ್ಲ. ಆಮೇಲಿನ ವರ್ಷಗಳಲ್ಲಿ ನನ್ನದೂ ಗೆಳೆಯರದೂ ಸೇರಿ ಸಾಕಷ್ಟು ಸೆಟ್ಟುಗಳನ್ನು ಬಿಚ್ಚಿ ನೋಡಿದ್ದೇನೆ. ‘ಡಿಎಸ್‌ಪಿ (ಸೆಟ್ಟಿನ ಡಿಜಿಟಲ್ ಫಿಲ್ಟರ್ ಭಾಗ) ಕೆಟ್ಟಿದೆ’ ಅಂತ ಬಂದ ದೂರುಗಳಲ್ಲಿ ಹೆಚ್ಚಿನವು ಫಿಲ್ಟರಿಗೆ ಹೋಗುವ ಮುಂಚೆಯೇ ಕೆಟ್ಟವು. ಹಾಗಾಗಿ ಈ ಬರಹದಲ್ಲಿ ಫಿಲ್ಟರಿಗಿಂತ ಅದರ ಹಿಂದುಮುಂದಿನ ಮಾತೇ ಜಾಸ್ತಿ.

ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್. ಹಗಲು ಮೋಟಾರು, ಪ್ಯಾನಲ್ಲು, ರಾತ್ರಿ ರೇಡಿಯೊ. ಫಿಲ್ಟರ್ ಅಂದರೇನು ಅಂತ ನನಗೆ ಅರ್ಥವಾದದ್ದು ಮಿಲ್ಲಿನ ಜರಡಿ ನೋಡಿ. ನೆಲ್ಲು ಬಡಿದು ಬಂದ ಅಕ್ಕಿಯನ್ನು ಜರಡಿ ಅಳ್ಳಾಡಿಸುತ್ತದೆ, ನುಚ್ಚು ಕೆಳಗೆ ಬೀಳುತ್ತದೆ, ಅಕ್ಕಿ ಮುಂದೆ ಹೋಗುತ್ತದೆ. ಈ ಕೆಲಸ ಎರಡು ಕಡೆ ತಪ್ಪುತ್ತದೆ. ಮೇಲಿಂದ ಒಮ್ಮೆಗೇ ಜಾಸ್ತಿ ಸುರಿದರೆ ರಾಶಿ ಜರಡಿಯ ಮೇಲೆ ತೇಲಿಕೊಂಡು ಹೋಗುತ್ತದೆ, ಏನೂ ಸೋಸುವುದಿಲ್ಲ. ಇನ್ನೊಂದು, ಅಕ್ಕಿಯಷ್ಟೇ ಗಾತ್ರದ ಕಲ್ಲನ್ನು ಯಾವ ಜರಡಿಯೂ ಹಿಡಿಯುವುದಿಲ್ಲ. ಅದಕ್ಕೆ ತೂಕ ನೋಡಿ ಬೇರ್ಪಡಿಸುವ ಡಿಸ್ಟೋನರ್ ಬೇರೆಯೇ ಬೇಕು. ರೇಡಿಯೊದಲ್ಲೂ ಇವೆರಡೇ. ಮಟ್ಟ ಮೀರಿದರೆ ಫಿಲ್ಟರ್ ಕೆಲಸ ಮಾಡದು. ನಿಮಗೆ ಬೇಕಾದ ದನಿಯ ಫ್ರೀಕ್ವೆನ್ಸಿಯಲ್ಲೇ ಕೂತ ಗದ್ದಲವನ್ನು ಫಿಲ್ಟರ್ ತೆಗೆಯದು.

ಮೊದಲು ಎಲ್ಲವನ್ನೂ ಆಫ್ ಮಾಡಿ

ನಾಯ್ಸ್ ಬ್ಲ್ಯಾಂಕರ್, ನಾಯ್ಸ್ ರಿಡಕ್ಷನ್, ಆಟೋ ನಾಚ್, ಮ್ಯಾನ್ಯುವಲ್ ನಾಚ್, ಈಕ್ವಲೈಜರ್ ಎಲ್ಲ ಆಫ್. ಫಿಲ್ಟರಿನ ಕಿಂಡಿಯನ್ನು ಅಕ್ಕಪಕ್ಕಕ್ಕೆ ಸರಿಸುವ ಪಾಸ್‌ಬ್ಯಾಂಡ್ ಟ್ಯೂನಿಂಗ್ ಅಥವಾ ಐಎಫ್ ಶಿಫ್ಟ್ ಗುಂಡಿಗಳು ನಡುಮಧ್ಯಕ್ಕೆ. ಆ್ಯಂಟೆನಾದ ಸಿಗ್ನಲನ್ನು ಮೊದಲೇ ಹಿಗ್ಗಿಸುವ ಪ್ರೀಆ್ಯಂಪ್ ಆಫ್. ಮಾತಿಗಾದರೆ ಬ್ಯಾಂಡ್‌ವಿಡ್ತ್ 2.7 ಕಿಲೋಹರ್ಟ್ಸಿಗೆ ಇಡಿ. ಈಗ ಹೆಡ್‌ಫೋನ್ ಹಾಕಿ ಕೇಳಿ. ತೊಂದರೆ ಇನ್ನೂ ಇದ್ದರೆ ಅದು ಫಿಲ್ಟರಿನದಲ್ಲ. ಹೋಗಿದ್ದರೆ ಒಂದೊಂದನ್ನೇ ಆನ್ ಮಾಡುತ್ತ ಬನ್ನಿ. ಒಂದು ಆನ್ ಮಾಡಿ, ಅರ್ಧ ನಿಮಿಷ ಕೇಳಿ, ಆಫ್ ಮಾಡಿ, ಆಮೇಲೆ ಮುಂದಿನದು. ಎರಡನ್ನು ಒಟ್ಟಿಗೆ ಆನ್ ಮಾಡಬೇಡಿ. ಯಾವುದರಿಂದ ಏನಾಯಿತು ಅಂತ ಆಮೇಲೆ ಹೇಳಲಿಕ್ಕೆ ಬರುವುದಿಲ್ಲ.

ಪಾಸ್‌ಬ್ಯಾಂಡ್ ಗುಂಡಿಯ ಬಗ್ಗೆ ಒಂದು ಮಾತು. ಎರಡು ಗುಂಡಿ ಇರುವ ಸೆಟ್ಟಿನಲ್ಲಿ ಒಂದು ಆ ಕಡೆ, ಇನ್ನೊಂದು ಈ ಕಡೆ ಸರಿದಿದ್ದರೆ ಪರದೆಯ ಮೇಲೆ 2.4 ಅಂತ ಬರೆದಿದ್ದರೂ ನಿಜವಾಗಿ ಒಳಗೆ ಬರುವುದು ಒಂದು ಕಿಲೋಹರ್ಟ್ಸೂ ಇರಲಿಕ್ಕಿಲ್ಲ. ದನಿ ತಗಡಿನ ಡಬ್ಬಿಯೊಳಗಿಂದ ಬಂದಂತೆ ಆಗುತ್ತದೆ. ಮನೆಯಲ್ಲಿ ಮಕ್ಕಳು ಗುಂಡಿ ಮುಟ್ಟುತ್ತಾರೆ, ಒರೆಸುವಾಗ ಬಟ್ಟೆ ತಗಲಿ ತಿರುಗುತ್ತದೆ. ಮೊದಲು ಅದನ್ನು ನೋಡಿ.

ಫಿಲ್ಟರಿನ ಆಕಾರವನ್ನು ಕಣ್ಣಿನಲ್ಲೇ ನೋಡಬಹುದು. ಆ್ಯಂಟೆನಾ ಹಾಕಿ, ಯಾವ ಸ್ಟೇಷನ್ನೂ ಇಲ್ಲದ ಖಾಲಿ ಜಾಗಕ್ಕೆ ಟ್ಯೂನ್ ಮಾಡಿ, ಸ್ಪೀಕರಿನ ಮುಂದೆ ಫೋನ್ ಇಟ್ಟು ಯಾವುದಾದರೂ ಆಡಿಯೊ ಸ್ಪೆಕ್ಟ್ರಮ್ ಆ್ಯಪ್ ತೆರೆಯಿರಿ. ಬ್ಯಾಂಡಿನ ಸ್ಸ್ ಸದ್ದು ಎಲ್ಲ ಫ್ರೀಕ್ವೆನ್ಸಿಯಲ್ಲೂ ಹೆಚ್ಚುಕಡಿಮೆ ಸಮನಾಗಿರುವುದರಿಂದ, ಪರದೆಯಲ್ಲಿ ಕಾಣುವ ಗುಡ್ಡವೇ ನಿಮ್ಮ ಫಿಲ್ಟರಿನ ಆಕಾರ. ಸುಮಾರು 300 ಹರ್ಟ್ಸಿನಲ್ಲಿ ಎದ್ದು, ಮಟ್ಟಸವಾಗಿ ನಡೆದು, ಆಯ್ಕೆ ಮಾಡಿದ ಅಗಲದಲ್ಲಿ ಗೋಡೆಯಂತೆ ಬೀಳಬೇಕು. ಇಳಿಜಾರು ಉದ್ದವಾಗಿದ್ದರೆ, ಮಧ್ಯದಲ್ಲಿ ಹಳ್ಳ ಬಿದ್ದಿದ್ದರೆ ಅಥವಾ 2.4ರ ಬದಲು 1.9ಕ್ಕೇ ಬಿದ್ದರೆ ಆಗ ಮಾತ್ರ ಫಿಲ್ಟರಿನ ಮೇಲೆ ಅನುಮಾನ ಪಡಿ. ಫೋನಿನ ಮೈಕು, ಸ್ಪೀಕರಿನ ಗುಣ ಸೇರಿ ಸ್ವಲ್ಪ ಏರಿಳಿತ ಇದ್ದೇ ಇರುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ.

ಮುಳುಗಿ ಏಳುವ ದನಿ

ಶುರುವಿನಲ್ಲಿ ಹೇಳಿದ ತೊಂದರೆಗೆ ಬರೋಣ. ನನ್ನ ಸೆಟ್ಟು ಹಳೆಯದು, ಕೈಬದಲಾಗಿ ಬಂದದ್ದು. ಅದರಲ್ಲಿ ಮೊದಲು ಕ್ರಿಸ್ಟಲ್ ಫಿಲ್ಟರ್, ಅದು 2.4 ಕಿಲೋಹರ್ಟ್ಸ್ ಅಗಲ. ಆಮೇಲೆ ಎಜಿಸಿ, ಅಂದರೆ ಜೋರು ಸಿಗ್ನಲ್ ಬಂದರೆ ತಾನಾಗಿ ಗೇನ್ ತಗ್ಗಿಸುವ ಸರ್ಕ್ಯೂಟ್. ಎಲ್ಲದರ ಕೊನೆಗೆ, ಆಡಿಯೊ ಆದಮೇಲೆ, ಡಿಜಿಟಲ್ ಫಿಲ್ಟರ್. 250 ಹರ್ಟ್ಸಿನ ಆ ಫಿಲ್ಟರ್ ನನ್ನ ಕಿವಿಯನ್ನು ಮಾತ್ರ ಕಾಯುತ್ತಿತ್ತು. ಎಜಿಸಿಗೆ ಮಾತ್ರ 2.4 ಕಿಲೋಹರ್ಟ್ಸಿನೊಳಗೆ ಬರುವ ಎಲ್ಲವೂ ಕಾಣುತ್ತಿತ್ತು. 700 ಹರ್ಟ್ಸ್ ಆಚೆ ಇನ್ನೊಬ್ಬರು ಜೋರಾಗಿ ಬಾರಿಸುತ್ತಿದ್ದರು. ಅವರ ಪ್ರತಿ ಡಾಟಿಗೂ ಎಜಿಸಿ ಗೇನ್ ಇಳಿಸುತ್ತಿತ್ತು. ಅವರ ಸದ್ದನ್ನು ಫಿಲ್ಟರ್ ತಡೆದದ್ದರಿಂದ ನನಗೆ ಅವರು ಕೇಳಿಸುತ್ತಿರಲಿಲ್ಲ, ಅವರಿಂದ ಕೇರಳದ ದನಿ ಮುಳುಗುವುದು ಮಾತ್ರ ಕೇಳಿಸುತ್ತಿತ್ತು.

ಇದನ್ನು ಹಿಡಿಯುವುದು ಸುಲಭ, ಸಿಗ್ನಲ್ ಎಷ್ಟು ಜೋರೆಂದು ತೋರಿಸುವ ಎಸ್ ಮೀಟರ್ ನೋಡಿ ಸಾಕು. ದನಿ ಮುಳುಗುವ ಕ್ಷಣದಲ್ಲೇ ಮುಳ್ಳು ಮೇಲಕ್ಕೆ ಹಾರಿದರೆ ತಪ್ಪು ಎಜಿಸಿಯದು. ಸಿಗ್ನಲ್ಲೇ ಕ್ಷೀಣಿಸುವ ಮಾಮೂಲಿ ಫೇಡಿಂಗ್ ಆಗಿದ್ದರೆ ದನಿಯೂ ಮುಳ್ಳೂ ಒಟ್ಟಿಗೇ ಕೆಳಗಿಳಿಯುತ್ತವೆ. ಖಚಿತವಾಗಬೇಕಾದರೆ ಫಿಲ್ಟರ್ ಅಗಲ ಮಾಡಿ. ಅಡಗಿದ್ದವರು ಅಲ್ಲೇ ಪಕ್ಕದಲ್ಲಿ ಕೇಳಿಸುತ್ತಾರೆ.

ಪರಿಹಾರ: ಆರ್‌ಎಫ್ ಗೇನ್ (ರಿಸೀವರಿನ ಮುಂಭಾಗ ಸಿಗ್ನಲನ್ನು ಹಿಗ್ಗಿಸುವ ಮಟ್ಟ) ಇಳಿಸಿ, ಎಜಿಸಿ ಎಳೆಯದಷ್ಟು. ಎಜಿಸಿಯನ್ನು ಸ್ಲೋನಿಂದ ಫಾಸ್ಟಿಗೆ ತನ್ನಿ, ಸ್ಲೋ ಇದ್ದರೆ ಪ್ರತಿ ಹೊಡೆತದ ನಂತರವೂ ಗೇನ್ ಏಳಲು ಹೊತ್ತು ಹಿಡಿಯುತ್ತದೆ. ಐಎಫ್ ಶಿಫ್ಟ್ ಇದ್ದರೆ ಜೋರು ಸ್ಟೇಷನ್ ಕ್ರಿಸ್ಟಲ್ ಫಿಲ್ಟರಿನ ಅಂಚಿನಾಚೆ ಬೀಳುವ ಹಾಗೆ ಸರಿಸಿ. ಎಜಿಸಿ ಪೂರ್ತಿ ಆಫ್ ಮಾಡುವುದಾದರೆ ಮೊದಲು ಹೆಡ್‌ಫೋನ್ ಕಿವಿಯಿಂದ ಸ್ವಲ್ಪ ಸರಿಸಿ, ವಾಲ್ಯೂಮ್ ತಗ್ಗಿಸಿ. ಪಕ್ಕದ ಊರಿನವರು ಕರೆದರೆ ಕಿವಿಗೆ ಪೆಟ್ಟಾಗುತ್ತದೆ. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಎಜಿಸಿಯೂ ಡಿಜಿಟಲ್ ಆಗಿ ಫಿಲ್ಟರಿನ ನಂತರ ಕೂತಿರುವ ಈಚಿನ ಸೆಟ್ಟುಗಳಲ್ಲಿ ಈ ಕಾಟ ಬಹಳ ಕಮ್ಮಿ. ಅಲ್ಲಿ ಹುಷಾರಾಗಿರಬೇಕಾದದ್ದು ಫಿಲ್ಟರಿಗಿಂತ ಮುಂಚೆ ಕೂತ ಎಡಿಸಿ, ಅಂದರೆ ಸಿಗ್ನಲನ್ನು ಅಂಕಿಗಳಾಗಿ ಮಾಡುವ ಚಿಪ್, ತುಂಬಿ ಹರಿಯುವುದರ ಬಗ್ಗೆ. ನಮ್ಮಲ್ಲಿ 40 ಮೀಟರ್ ಬ್ಯಾಂಡು 7.000ರಿಂದ 7.200 ಮೆಗಾಹರ್ಟ್ಸ್. ಅದರ ಮೇಲಿನಿಂದ ಪ್ರಸಾರ ಕೇಂದ್ರಗಳ ಸಾಲು ಶುರು. ಹೊತ್ತು ಮುಳುಗಿದ ಮೇಲೆ ಅವು ಎಷ್ಟು ಜೋರೆಂದರೆ ಓವರ್‌ಫ್ಲೋ ದೀಪ ಮಿನುಗುತ್ತದೆ. ಆಗ ಪ್ರೀಆ್ಯಂಪ್ ಬೇಡವೇ ಬೇಡ, ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಹಾಕಿ. ಸಿಗ್ನಲ್ ಕಮ್ಮಿಯಾಯಿತು ಅಂತ ಸಂಕಟಪಡಬೇಡಿ, ಗದ್ದಲವೂ ಅಷ್ಟೇ ಕಮ್ಮಿಯಾಗಿರುತ್ತದೆ.

ಲ್ಯಾಪ್‌ಟಾಪಿಗೆ ಆಡಿಯೊ ಕೊಡುವಾಗ

ಡಿಎಸ್‌ಪಿ ಇಲ್ಲದ ಸೆಟ್ಟು ಇರುವವರು ಆಡಿಯೊವನ್ನು ಲ್ಯಾಪ್‌ಟಾಪಿಗೆ ಕೊಟ್ಟು ಅಲ್ಲಿ ಫಿಲ್ಟರ್ ಮಾಡುತ್ತಾರೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ಮೈಕ್ರೋಬಿಟೆಕ್ಸ್ ಅನ್ನುವ ಹ್ಯಾಮ್ ಸೆಟ್ಟು ನಮ್ಮ ದೇಶದಲ್ಲಿ ಎಷ್ಟೋ ಜನರನ್ನು ಕಡಿಮೆ ಖರ್ಚಿನಲ್ಲಿ ಗಾಳಿಗೆ ತಂದಿತು. ಮೂಲ ವಿನ್ಯಾಸದಲ್ಲಿ ಎಜಿಸಿ ಇಲ್ಲ. ಹಾಗಾಗಿ ಮೇಲಿನ ಮುಳುಗಾಟವೂ ಇಲ್ಲ, ಆದರೆ ಜೋರು ಸ್ಟೇಷನ್ ಬಂದಾಗ ಆಡಿಯೊ ಹಾಗೆಯೇ ಉಕ್ಕಿ ಬಂದು ಸೌಂಡ್ ಕಾರ್ಡನ್ನು ತುಂಬಿಬಿಡುತ್ತದೆ. ಅಲೆಯ ತಲೆ ಕತ್ತರಿಸಿ ಹೋಗಿ ಸಮತಟ್ಟಾಗುತ್ತದೆ. ಕತ್ತರಿಸಿದ ಅಲೆಯಿಂದ ಹೊಸ ಹೊಸ ಸ್ವರಗಳು ಹುಟ್ಟುತ್ತವೆ, ಅವು ನಿಮ್ಮ ಫಿಲ್ಟರಿನ ಒಳಗೇ ಬಂದು ಬೀಳುತ್ತವೆ. ಆಮೇಲೆ ಯಾವ ಫಿಲ್ಟರಿಗೂ ಅವನ್ನು ತೆಗೆಯಲಾಗುವುದಿಲ್ಲ.

ಸ್ಪೀಕರ್ ಔಟನ್ನು ನೇರವಾಗಿ ಮೈಕ್ ಜ್ಯಾಕಿಗೆ ಚುಚ್ಚಬೇಡಿ. ಸಾಲಿನಲ್ಲಿ 10 ಕಿಲೋಓಮ್, ಅಲ್ಲಿಂದ ಅರ್ಥಿಗೆ 1 ಕಿಲೋಓಮ್ ಹಾಕಿದರೆ ಹನ್ನೊಂದರಲ್ಲಿ ಒಂದು ಪಾಲು ಮಾತ್ರ ಹೋಗುತ್ತದೆ. ಮೈಕ್ ಜ್ಯಾಕಿನಿಂದ ಮೈಕಿಗೆಂದು ಸಣ್ಣ ಡಿಸಿ ವೋಲ್ಟೇಜ್ ಹೊರಬರುತ್ತಿರುತ್ತದೆ, ಅದನ್ನು ತಡೆಯಲು ಒಂದು ಮೈಕ್ರೋಫ್ಯಾರಡಿನ ಕೆಪ್ಯಾಸಿಟರ್ ಸಾಲಿನಲ್ಲಿರಲಿ. ಮೈಕ್ ಬೂಸ್ಟ್ ಸೊನ್ನೆಗೆ. ಬ್ಯಾಂಡಿನ ಅತಿ ಜೋರು ಸ್ಟೇಷನ್ ಹಿಡಿದು, ಅದರ ಮಾತಿನ ಶಿಖರ ಗರಿಷ್ಠಕ್ಕಿಂತ 10 ಡೆಸಿಬೆಲ್ ಕೆಳಗೇ ನಿಲ್ಲುವ ಹಾಗೆ ವಾಲ್ಯೂಮ್ ಇಡಿ. ಆ ಜಾಗಕ್ಕೆ ಗುಂಡಿಯ ಮೇಲೆ ನೇಲ್ ಪಾಲಿಷಿನ ಒಂದು ಚುಕ್ಕೆ ಇಟ್ಟುಬಿಡಿ. ನನ್ನ ಸೆಟ್ಟಿನ ಮೇಲೆ ಮಗಳು ಇಟ್ಟ ಕೆಂಪು ಚುಕ್ಕೆ ಇನ್ನೂ ಇದೆ.

ಇದೆಲ್ಲ ಸರಿಯಿದ್ದೂ ಮೋರ್ಸ್ ಸ್ವರ ಶುರುವಾದ ಸ್ವಲ್ಪ ಹೊತ್ತಿಗೆ ತಾನಾಗಿ ಕರಗಿಹೋದರೆ ವಿಂಡೋಸಿನ ಆಡಿಯೊ ಎನ್‌ಹಾನ್ಸ್‌ಮೆಂಟ್ಸ್ ನೋಡಿ. ಅದು ಮೀಟಿಂಗಿನಲ್ಲಿ ಮಾತಾಡುವವರಿಗಾಗಿ ಮಾಡಿದ್ದು, ಒಂದೇ ಸಮ ಬರುವ ಸದ್ದನ್ನು ಫ್ಯಾನಿನ ಸದ್ದು ಅಂದುಕೊಂಡು ಅಳಿಸುತ್ತದೆ. ಆಫ್ ಮಾಡಿ. ಚಟಚಟ ಸದ್ದು ಬಂದರೆ ಬಫರ್ ಹೆಚ್ಚಿಸಿ, ಸೌಂಡ್ ಕಾರ್ಡಿನಲ್ಲೂ ಪ್ರೋಗ್ರಾಮಿನಲ್ಲೂ ಒಂದೇ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಅಲೆಯನ್ನು ಅಳೆಯುವುದು) ಇದೆಯೇ ನೋಡಿ, 48,000 ಅಂದರೆ ಎರಡೂ ಕಡೆ 48,000.

ಗುಂಯ್ ಅನ್ನುವ ಹಮ್ ಬಂದರೆ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ. ಹೋಯಿತೋ, ಅರ್ಥ್ ಲೂಪ್. ಹಳೆಯ ಡಯಲ್-ಅಪ್ ಮೋಡೆಮ್ ಗುಜರಿಯಲ್ಲಿ ಸಿಕ್ಕರೆ ಬಿಡಬೇಡಿ, ಅದರೊಳಗೆ 600 ಓಮಿನ ಒಂದಕ್ಕೊಂದು ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದನ್ನು ಆಡಿಯೊ ಸಾಲಿನ ನಡುವೆ ಹಾಕಿದರೆ ಎರಡು ಅರ್ಥ್ ಬೇರೆಯಾಗಿ ಹಮ್ ನಿಲ್ಲುತ್ತದೆ. ಬ್ಯಾಟರಿಯ ಮೇಲೂ ಹಮ್ ಉಳಿದರೆ, ಅದೂ 100 ಹರ್ಟ್ಸಿನದಾದರೆ, ಸೆಟ್ಟಿನ ಪವರ್ ಸಪ್ಲೈಯ ಕೆಪ್ಯಾಸಿಟರ್ ಒಣಗಿದೆ ಅಂತ ಅನುಮಾನಿಸಿ.

ನಾಚ್, ನಾಯ್ಸ್ ರಿಡಕ್ಷನ್, ಬ್ಲ್ಯಾಂಕರ್

ಆಟೋ ನಾಚ್ ಒಂದೇ ಸಮ ಕೂಗುವ ಶಿಳ್ಳೆಯನ್ನು ಹುಡುಕಿ ಹುಡುಕಿ ಅಳಿಸುತ್ತದೆ. ಮಾತಿಗೆ ಇದು ವರ. ಮೋರ್ಸಿಗೆ ಹಾಕಿದರೆ ನಿಮಗೆ ಬೇಕಾದ ಸ್ವರವೇ ಅದಕ್ಕೆ ಶಿಳ್ಳೆ. ಡ್ಯಾಶ್ ಶುರುವಾಗುತ್ತದೆ, ಬಾಲ ಕರಗುತ್ತದೆ. ‘ಮೋರ್ಸ್ ಮಾತ್ರ ಕೇಳಿಸಾಕತ್ತಿಲ್ಲರೀ’ ಅಂತ ಬಂದ ದೂರುಗಳಲ್ಲಿ ಎಷ್ಟೋ ಸಲ ಇದೊಂದು ಗುಂಡಿ ಆಫ್ ಮಾಡಿದ್ದೇ ನನ್ನ ದುರಸ್ತಿ.

ನಾಯ್ಸ್ ರಿಡಕ್ಷನ್ನನ್ನು ಜಾಸ್ತಿ ತಿರುಗಿಸಿದರೆ ದನಿ ಬಾವಿಯ ನೀರೊಳಗಿಂದ ಬಂದಂತೆ ಬುಳುಬುಳು ಅನ್ನುತ್ತದೆ. ಅದು ಕೆಟ್ಟಿದ್ದಲ್ಲ, ಅದರ ಗುಣವೇ ಹಾಗೆ: ಯಾವುದು ದನಿ, ಯಾವುದು ಗದ್ದಲ ಅಂತ ಅಂದಾಜು ಮಾಡುತ್ತದೆ, ಸಿಗ್ನಲ್ ಗದ್ದಲದ ಮಟ್ಟಕ್ಕೆ ಇಳಿದಾಗ ಅಂದಾಜು ತಪ್ಪುತ್ತದೆ. ಸೊನ್ನೆಯಿಂದ ಏರಿಸುತ್ತ ಹೋಗಿ, ಅಕ್ಷರ ಮಸುಕಾಗುವುದಕ್ಕೆ ಶುರುವಾದಲ್ಲಿಂದ ಸ್ವಲ್ಪ ಹಿಂದೆ ಬನ್ನಿ.

ಬ್ಲ್ಯಾಂಕರ್ ಬೈಕಿನ ಸ್ಪಾರ್ಕಿನಂಥ ಚಟ್ ಚಟ್ ಸದ್ದಿಗೆ. ಅದು ಕಿರಿದಾದ ಫಿಲ್ಟರಿಗಿಂತ ಮುಂಚೆ ಕೆಲಸ ಮಾಡುತ್ತದೆ, ಆದ್ದರಿಂದ ಪಕ್ಕದ ಜೋರು ಸ್ಟೇಷನ್ನನ್ನೂ ಚಟ್ ಅಂದುಕೊಂಡು ಕತ್ತರಿಸುತ್ತದೆ. ಇಡೀ ಬ್ಯಾಂಡೇ ಹರಿದಂತೆ ಕೇಳಿಸಿದರೆ ಮೊದಲು ಇದನ್ನು ಆಫ್ ಮಾಡಿ ನೋಡಿ.

ಅತಿ ಕಿರಿದು ಮಾಡಿದರೆ ದನಿ ಗಂಟೆಯಂತೆ ಮೊಳಗುತ್ತದೆ. 50 ಹರ್ಟ್ಸಿನ ಫಿಲ್ಟರಿಗೆ ಏಳಲಿಕ್ಕೂ ಇಳಿಯಲಿಕ್ಕೂ ಸುಮಾರು 20 ಮಿಲಿಸೆಕೆಂಡಾದರೂ ಬೇಕು. ನಿಮಿಷಕ್ಕೆ 20 ಪದದ ವೇಗದಲ್ಲಿ ಒಂದು ಡಾಟ್ 60 ಮಿಲಿಸೆಕೆಂಡ್, 30 ಪದಕ್ಕೆ 40. ವೇಗ ಏರಿದಂತೆ ಡಾಟು ಡಾಟಿಗೆ ಅಂಟಿಕೊಳ್ಳುತ್ತದೆ. ಗದ್ದಲದ ರಾತ್ರಿ ನನ್ನ ಕಿವಿಗೆ 250 ಸಾಕು. ಅದಕ್ಕಿಂತ ಕೆಳಗೆ ಹೋದರೆ ಗದ್ದಲವೂ ಸ್ವರದ ಹಾಗೇ ಹಾಡಲು ಶುರುಮಾಡಿ, ಯಾವುದು ಯಾವುದೆಂದು ತಿಳಿಯದೆ ಬೇಗ ದಣಿವಾಗುತ್ತದೆ.

ಕೈಯಾರೆ ಮಾಡಿದ ಫಿಲ್ಟರ್

ಕಾರಟಗಿಯಿಂದ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಒಂದು ಭಾನುವಾರ ಪೆಟ್ಟಿಗೆ ಹಿಡಿದು ಬಂದ. ಮೈಕ್ರೋಕಂಟ್ರೋಲರಿನಲ್ಲಿ ತಾನೇ ಬರೆದ ಫಿಲ್ಟರ್. ‘ಕಾಕಾ, ಕಂಪ್ಯೂಟರ್‌ನ್ಯಾಗ ಗ್ರಾಫ್ ಬರೋಬ್ಬರಿ ಐತಿ. ಪೆಟ್ಟಿಗ್ಯಾಗ ಹಾಕಿದ್ರ ಬಾಯಿಗೆ ಬಟ್ಟಿ ಹಿಡಿದು ಮಾತಾಡಿದಂಗ ಕೇಳ್ತೈತಿ’ ಅಂದ. 2,400 ಹರ್ಟ್ಸಿಗೆ ಕತ್ತರಿಸಬೇಕಾದ್ದು. ಫೋನಿನಲ್ಲಿ ನೋಡಿದೆವು, 1,900ರ ಹತ್ತಿರವೇ ಬಿದ್ದುಹೋಗಿತ್ತು.

ಡಿಜಿಟಲ್ ಫಿಲ್ಟರಿಗೆ ಹರ್ಟ್ಸ್ ಅಂದರೇನು ಅಂತ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸ್ಯಾಂಪಲ್ ರೇಟಿನ ಎಷ್ಟನೇ ಪಾಲು ಅನ್ನುವುದಷ್ಟೇ. ಲೆಕ್ಕ ಮಾಡಿದ್ದು ಸೆಕೆಂಡಿಗೆ 8,000 ಸ್ಯಾಂಪಲ್ಲಿಗೆ. ನಿಜವಾಗಿ ಎಷ್ಟು ಬರುತ್ತಿದೆ? ‘ಪ್ರತಿ ಸ್ಯಾಂಪಲ್ಲಿಗೂ ಒಂದು ಪಿನ್ನನ್ನ ಉಲ್ಟಾ ಮಾಡು ತಮ್ಮಾ’ ಅಂದೆ. ಒಂದು ಸಾಲು ಕೋಡ್ ಸೇರಿಸಿದ. ಮಿಲ್ಲಿಗೆ ಒಯ್ಯುವ ನನ್ನ ಮಲ್ಟಿಮೀಟರನ್ನೇ ಹರ್ಟ್ಸಿಗೆ ತಿರುಗಿಸಿ ಆ ಪಿನ್ನಿಗೆ ಇಟ್ಟೆ. ಒಂದು ಸಲ ಮೇಲೆ ಒಂದು ಸಲ ಕೆಳಗೆ ಆಗಿ ಒಂದು ಸುತ್ತಾಗುವುದರಿಂದ ಮೀಟರು ಸ್ಯಾಂಪಲ್ ರೇಟಿನ ಅರ್ಧ, ಅಂದರೆ 4,000 ತೋರಿಸಬೇಕು. ತೋರಿಸಿದ್ದು 3,200. ನಿಜವಾದ ರೇಟ್ 6,400. ಅಲ್ಲಿಗೆ 2,400 ಹೋಗಿ 1,920 ಆಗಿತ್ತು. ಒಂದು ಸ್ಯಾಂಪಲ್ಲಿನ ಗುಣಾಕಾರಗಳು ಮುಗಿಯುವ ಮುಂಚೆಯೇ ಮುಂದಿನದರ ಹೊತ್ತು ಬಂದುಬಿಡುತ್ತಿತ್ತು. ಟ್ಯಾಪ್‌ಗಳನ್ನು, ಅಂದರೆ ಪ್ರತಿ ಸ್ಯಾಂಪಲ್ಲಿಗೆ ಮಾಡುವ ಗುಣಾಕಾರಗಳನ್ನು, ಕಮ್ಮಿ ಮಾಡಿದ, ಮೀಟರು 4,000ಕ್ಕೆ ಬಂದು ನಿಂತಿತು. ಟ್ಯಾಪ್ ಕಮ್ಮಿಯಾದಷ್ಟೂ ಗೋಡೆ ಸ್ವಲ್ಪ ಇಳಿಜಾರಾಗುತ್ತದೆ, ಆದರೆ ದನಿ ಬಿಚ್ಚಿಕೊಂಡಿತ್ತು. ಹುಡುಗನ ಮುಖ ನೋಡಬೇಕಿತ್ತು.

ನೀವೂ ಮಾಡುವವರಾದರೆ ಇನ್ನೊಂದು ನೋಡಿಕೊಳ್ಳಿ. ಎಡಿಸಿಗೆ ಮುಂಚೆ ರೆಸಿಸ್ಟರ್, ಕೆಪ್ಯಾಸಿಟರಿನ ಅನಲಾಗ್ ಫಿಲ್ಟರ್ ಇರಲೇಬೇಕು. 8,000 ಸ್ಯಾಂಪಲ್ಲಿನಲ್ಲಿ 4,000ಕ್ಕಿಂತ ಮೇಲಿನದ್ದು ಮಡಿಚಿಕೊಂಡು ಕೆಳಗೆ ಬೀಳುತ್ತದೆ. 5,000 ಹರ್ಟ್ಸಿನ ಶಿಳ್ಳೆ 3,000ದ ವೇಷದಲ್ಲಿ ಬರುತ್ತದೆ. ಗುರುತು ಏನೆಂದರೆ, ಡಯಲನ್ನು ಒಂದು ಕಡೆ ತಿರುಗಿಸಿದಾಗ ಉಳಿದ ಸ್ವರಗಳೆಲ್ಲ ಏರಿದರೆ ಮಡಿಚಿಕೊಂಡದ್ದು ಇಳಿಯುತ್ತದೆ.

ಕಂಪ್ಯೂಟರಿಗೆ ಚುಚ್ಚುವ ಸಣ್ಣ ರಿಸೀವರಾದ ಅಗ್ಗದ ಆರ್‌ಟಿಎಲ್ ಡಾಂಗಲ್‌ನಲ್ಲಿ ನೇರ ಸ್ಯಾಂಪ್ಲಿಂಗ್ ಮಾಡಿ ಶಾರ್ಟ್‌ವೇವ್ ಕೇಳುವವರಿಗೂ ಇದೇ ಕಥೆ. ಅದರ ರೇಟ್ 28.8 ಮೆಗಾಹರ್ಟ್ಸ್, ಮಡಿಕೆ ಬೀಳುವುದು 14.4ರಲ್ಲಿ. ಹಾಗಾಗಿ 14.200 ಕೇಳುವಾಗ 14.600ರದ್ದೂ ಅಲ್ಲೇ ಬಂದು ಕೂರುತ್ತದೆ. ಎಂಟೇ ಬಿಟ್ಟಿನ ಎಡಿಸಿ ಬೇರೆ. ನಾನು ಕೇಳುತ್ತ ಬೆಳೆದ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸಿನಂಥ ಮೀಡಿಯಂ ವೇವ್ ಕೇಂದ್ರಗಳೇ ಅದನ್ನು ತುಂಬಿಸಿಬಿಡಬಲ್ಲವು. ಆ್ಯಂಟೆನಾಗೂ ಡಾಂಗಲ್‌ಗೂ ನಡುವೆ ಬೇಕಾದ ಬ್ಯಾಂಡನ್ನಷ್ಟೇ ಬಿಡುವ ಕಾಯಿಲ್ ಫಿಲ್ಟರ್ ಕಟ್ಟಿ, ಪ್ರೋಗ್ರಾಮಿನಲ್ಲಿ ಏನು ಒತ್ತಿದರೂ ಆ ಕೆಲಸ ಆಗುವುದಿಲ್ಲ.

ಅಕ್ಕಿಯಷ್ಟೇ ಗಾತ್ರದ ಕಲ್ಲು

ನಮ್ಮ ಕಡೆ ನವೆಂಬರಿನಲ್ಲಿ ತುಂಗಭದ್ರಾ ಎಡದಂಡೆಯ ನೆಲ್ಲು ಕಟಾವಿಗೆ ಬರುತ್ತದೆ, ಮಿಲ್ಲುಗಳು ರಾತ್ರಿಯಿಡೀ ಓಡುತ್ತವೆ. ಆ ತಿಂಗಳು ನನ್ನ ರಿಸೀವರಿನಲ್ಲಿ ಝರ್ರ್ ಅನ್ನುವ ಗದ್ದಲ ಎಸ್ 9ಕ್ಕೆ ಏರಿತು. ಇದು ದನಿಯ ಫ್ರೀಕ್ವೆನ್ಸಿಯಲ್ಲೇ ಇರುವ ಗದ್ದಲ, ಫಿಲ್ಟರಿನ ಕೈಲಾಗದ್ದು. ಹುಟ್ಟುವ ಜಾಗದಲ್ಲೇ ಹಿಡಿಯಬೇಕು.

ಮೊದಲು ಮನೆಯ ಮೇನ್ ಸ್ವಿಚ್ ಇಳಿಸಿ, ಸೆಟ್ಟನ್ನು 12 ವೋಲ್ಟಿನ ಬ್ಯಾಟರಿಯ ಮೇಲೆ ನಡೆಸಿ ಕೇಳಿ. ಗದ್ದಲ ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ: ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್. ಒಂದೊಂದು ಎಂಸಿಬಿ ಏರಿಸುತ್ತ ಹಿಡಿಯಿರಿ. ನಿಲ್ಲದಿದ್ದರೆ ಸಣ್ಣ ಪೋರ್ಟಬಲ್ ಎಎಂ ರೇಡಿಯೊ ಹಿಡಿದು ಓಣಿಯಲ್ಲಿ ನಡೆಯಿರಿ. ರೇಡಿಯೊದೊಳಗಿನ ಫೆರೈಟ್ ಸರಳಿನ ತುದಿ ಗದ್ದಲದ ಕಡೆಗೆ ತಿರುಗಿದಾಗ ಸದ್ದು ತೀರಾ ಕಮ್ಮಿಯಾಗುತ್ತದೆ. ಎರಡು ಜಾಗದಿಂದ ಹೀಗೆ ದಿಕ್ಕು ನೋಡಿದರೆ ಮೂಲ ಎಲ್ಲಿದೆ ಅಂತ ತಿಳಿಯುತ್ತದೆ. ವಿದ್ಯುತ್ ಕಂಬದ ಕಡೆ ತೋರಿಸಿದರೆ ಕಂಬ ಮುಟ್ಟಬೇಡಿ, ಏಣಿ ಹಾಕಬೇಡಿ, ಕಂಬದ ನಂಬರ್ ಬರೆದು ಲೈನ್‌ಮನ್‌ಗೆ ಕೊಡಿ. ಬೇಸಿಗೆಯಲ್ಲಿ ಇನ್ಸುಲೇಟರಿನ ಮೇಲೆ ಕೂತ ಧೂಳಿನಿಂದ ಬರುವ ಸದ್ದು ಒಂದು ಒಳ್ಳೆ ಮಳೆಗೆ ತೊಳೆದುಹೋಗುವುದೂ ಉಂಟು.

ನನ್ನ ರೇಡಿಯೊ ತೋರಿಸಿದ್ದು ನಾನೇ ಕೆಲಸ ಮಾಡುವ ಮಿಲ್ಲಿನ ಕಡೆಗೆ. ಎಲಿವೇಟರಿನ ಮೋಟಾರಿಗೆ ಹಾಕಿದ ಡ್ರೈವ್. ವೇಗ ಬದಲಿಸುವ ಈ ಡ್ರೈವ್‌ಗಳು ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಕತ್ತರಿಸಿ ಕೂಡಿಸುತ್ತವೆ, ಆ ಚೂಪಾದ ಅಂಚುಗಳ ಗದ್ದಲ ಶಾರ್ಟ್‌ವೇವ್‌ವರೆಗೂ ಏರುತ್ತದೆ. ಡ್ರೈವ್‌ನಿಂದ ಮೋಟಾರಿಗೆ ಸಾದಾ ಕೇಬಲ್ ಎಳೆದಿತ್ತು, ಹದಿನೆಂಟು ಮೀಟರ್. ಅದೇ ಆ್ಯಂಟೆನಾ ಆಗಿತ್ತು. ಮಾಲೀಕರಿಗೆ ಹೇಳಿದೆ, ‘ಅಣ್ಣಾರ, ಇದರಿಂದ ನಮ್ಮ ತೂಕದ ಮಷೀನಿನ ಅಂಕಿಯೂ ಕುಣೀತೈತ್ರಿ.’ ಅದು ನಿಜವೂ ಆಗಿತ್ತು. ಶೀಲ್ಡ್ ಇರುವ ಕೇಬಲ್ ತರಿಸಿಕೊಟ್ಟರು. ಒಂದು ಮಧ್ಯಾಹ್ನ ಮಿಲ್ಲು ನಿಂತಾಗ ಪವರ್ ತೆಗೆದು, ಡ್ರೈವ್‌ನ ಒಳಗಿನ ಕೆಪ್ಯಾಸಿಟರ್ ಖಾಲಿಯಾಗಲೆಂದು ಕಾದು, ಡಿಸಿ ಬಸ್ಸಿನಲ್ಲಿ ವೋಲ್ಟೇಜ್ ಇಲ್ಲವೆಂದು ಮೀಟರಿನಲ್ಲಿ ಖಚಿತ ಮಾಡಿಕೊಂಡು ಕೇಬಲ್ ಬದಲಿಸಿದೆ. ಶೀಲ್ಡನ್ನು ಡ್ರೈವ್‌ನ ಬಾಡಿಗೂ ಮೋಟಾರಿನ ಬಾಡಿಗೂ ಅಗಲವಾದ ಕ್ಲ್ಯಾಂಪಿನಿಂದ ಕಚ್ಚಿಸಿದೆ. ತುದಿಯನ್ನು ತಿರುಚಿ ಬಾಲ ಮಾಡಿ ಸ್ಕ್ರೂ ಹಾಕಿದರೆ ಅರ್ಧ ಲಾಭವೂ ಸಿಗುವುದಿಲ್ಲ. ಒಳಬರುವ ಸಪ್ಲೈಗೆ ಲೈನ್ ಫಿಲ್ಟರ್ ಹಾಕಿದೆ.

ಅವತ್ತು ರಾತ್ರಿ ಮೀಟರು ಎಸ್ 4ಕ್ಕೆ ಇಳಿದಿತ್ತು. ಫಿಲ್ಟರನ್ನು 2.7ಕ್ಕೆ ಪೂರ್ತಿ ಅಗಲ ಬಿಟ್ಟು ಕೇಳಿದೆ. ಉಳಿದ ಗದ್ದಲದ ದಿಕ್ಕು ಈಗ ರಸ್ತೆಯ ಆ ಕಡೆಯ ಮಿಲ್ಲಿನತ್ತ ಇದೆ. ಅಲ್ಲಿನ ಎಲೆಕ್ಟ್ರಿಷಿಯನ್ ಹತ್ತಿರ ಮಾತಾಡಿದ್ದೇನೆ, ಕಟಾವಿನ ಸೀಜನ್ ಮುಗಿದ ಮೇಲೆ ಪ್ಯಾನಲ್ ತೆರೆದು ನೋಡೋಣ ಅಂದಿದ್ದಾನೆ.